ಎವಾನ್ಸ್‌ಟನ್ನಿನ ಒಂದು ಸಂಜೆ: 1939ರ ಒರೆಗಾನ್ ತಂಡವೂ ಕಾಲೇಜು ಬ್ಯಾಸ್ಕೆಟ್‌ಬಾಲಿನ ಮೊದಲ ಪಟ್ಟವೂ

ಆಟದ ಇತಿಹಾಸವೆಂದರೆ ಗೆದ್ದವರ ಹೆಸರುಗಳ ಪಟ್ಟಿಯೆಂದು ಭಾವಿಸುವುದು ವಾಡಿಕೆ. ಯಾವ ವರ್ಷ ಯಾವ ತಂಡ ಗೆದ್ದಿತು, ಎಷ್ಟು ಅಂಕಗಳ ಅಂತರದಿಂದ ಗೆದ್ದಿತು, ನಾಯಕನಾಗಿದ್ದವನು ಯಾರು ಎಂಬಿಷ್ಟನ್ನು ಹೇಳಿಬಿಟ್ಟರೆ ಇತಿಹಾಸಕಾರನ ಕೆಲಸ ಮುಗಿಯಿತೆಂದು ಎಣಿಸುವವರೇ ಹೆಚ್ಚು. ಆದರೆ ಇಂಥ ಪಟ್ಟಿಗಳ ಹಿಂದೆ ಬೇರೊಂದು ಪ್ರಶ್ನೆ ಅಡಗಿರುತ್ತದೆ. ವಿಶಾಲವಾದ ಒಂದು ದೇಶದಲ್ಲಿ ನೂರಾರು ತಂಡಗಳು ತಮ್ಮ ತಮ್ಮ ಪ್ರಾಂತಗಳಲ್ಲಿ ಆಡುತ್ತಿರುವಾಗ, ಅವುಗಳಲ್ಲಿ ಒಂದನ್ನು ಎತ್ತಿ ಹಿಡಿದು ‘ದೇಶಕ್ಕೆಲ್ಲ ಇದೇ ಮೊದಲನೆಯದು’ ಎಂದು ಸಾರುವ ಅಧಿಕಾರ ಯಾರದು? ಪತ್ರಿಕೆಗಳದೋ, ಕ್ರೀಡಾಂಗಣದ ಒಡೆಯರದೋ, ಆಟ ಕಲಿಸುವ ಶಿಕ್ಷಕರದೋ? ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಮಟ್ಟಿಗೆ ಈ ಪ್ರಶ್ನೆ ತೀವ್ರವಾಗಿ ತಲೆದೋರಿದ್ದು 1930ರಿಂದ 1940ರವರೆಗಿನ ದಶಕದಲ್ಲಿ. ಅದಕ್ಕೆ ದೊರೆತ ಒಂದು ಉತ್ತರವೇ 1939ರ ಮಾರ್ಚ್ 27ರ ಸಂಜೆ ಷಿಕಾಗೋ ನಗರಕ್ಕೆ ಅಂಟಿಕೊಂಡಿರುವ ಎವಾನ್ಸ್‌ಟನ್ನಿನಲ್ಲಿ ನಡೆದ ಪಂದ್ಯ. ಅಲ್ಲಿ ಒರೆಗಾನ್ ವಿಶ್ವವಿದ್ಯಾನಿಲಯದ ತಂಡ ಒಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ತಂಡವನ್ನು 46–33 ಅಂಕಗಳಿಂದ ಸೋಲಿಸಿತು.

ಬರಿಯ ಗೆಲವೆಂದು ನೋಡಿದರೆ ಇದರಲ್ಲಿ ಅಂಥ ವಿಶೇಷವೇನೂ ಕಾಣದು. ಅದಕ್ಕಿಂತ ಬಿರುಸಾದ ಪಂದ್ಯಗಳು ಎಷ್ಟೋ ನಡೆದಿವೆ. ಅದಕ್ಕಿಂತ ಸಮರ್ಥವಾದ ತಂಡಗಳೂ ಎಷ್ಟೋ ಬಂದುಹೋಗಿವೆ. ಈ ಗೆಲವಿನ ಮಹತ್ವವಿರುವುದು ಅದನ್ನು ಸಾಧ್ಯಗೊಳಿಸಿದ ವ್ಯವಸ್ಥೆಯಲ್ಲಿ. ಪಟ್ಟವೆಂಬುದು ಅಂಗಳದ ಮೇಲೆ ಹುಟ್ಟುವಷ್ಟೇ ಸಭೆಗಳ ಮೇಜಿನ ಸುತ್ತಲೂ ಹುಟ್ಟುತ್ತದೆ; ಅದಕ್ಕೆ ಆಟಗಾರರ ಬೆವರು ಎಷ್ಟು ಬೇಕೋ ನಿಯಮಗಳ ಬದಲಾವಣೆಯೂ ಸಂಸ್ಥೆಯ ಮನ್ನಣೆಯೂ ಅಷ್ಟೇ ಬೇಕು. ಈ ಮಾತಿಗೆ ಒರೆಗಾನ್ ತಂಡದ 1938–39ರ ಋತು ಒಂದು ಸ್ಪಷ್ಟವಾದ ನಿದರ್ಶನ.

1

ಈ ಆಟಕ್ಕೆ ಜನ್ಮದಿನವೂ ಜನಕನೂ ಉಂಟು. ಇಂಥ ಭಾಗ್ಯ ಬೇರೆ ಆಟಗಳಿಗೆ ಒದಗಿರುವುದು ವಿರಳ. ಕೆನಡಾ ದೇಶದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ 1891ರ ಡಿಸೆಂಬರ್ ತಿಂಗಳಲ್ಲಿ ಇದನ್ನು ರೂಪಿಸಿದರು. ಚಳಿಗಾಲದಲ್ಲಿ ಹೊರಗೆ ಹಿಮ ಬಿದ್ದಿರುವಾಗ ವಿದ್ಯಾರ್ಥಿಗಳಿಗೆ ಒಳಾಂಗಣದಲ್ಲಿ ಆಡಿಸಲು ಒಂದು ಆಟ ಬೇಕಾಗಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲಂಗಳದ ಕಟಕಟೆಗೆ ಹೊಡೆದು, ಹದಿಮೂರು ನಿಯಮಗಳನ್ನು ಬರೆದು, ಹದಿನೆಂಟು ವಿದ್ಯಾರ್ಥಿಗಳನ್ನು ಒಂಬತ್ತು ಒಂಬತ್ತರ ಎರಡು ಪಾಳಿ ಮಾಡಿ ಅವರು ಆಡಿಸಿದ್ದೇ ಮೊದಲ ಪಂದ್ಯ. ಚೆಂಡನ್ನು ಹಿಡಿದು ಓಡಬಾರದು, ಎದುರಾಳಿಯ ಮೈಮೇಲೆ ಬೀಳಬಾರದು, ಗುರಿ ತಲೆಯ ಮೇಲಿರಬೇಕು: ಈ ಮೂರು ಆಲೋಚನೆಗಳು ಆಟದ ತಿರುಳು. ಬಲಕ್ಕಿಂತ ಚಳಕ ಮುಂದಾಗಬೇಕೆಂಬ ಶಿಕ್ಷಕನ ಆಶಯ ಇವುಗಳಲ್ಲಿ ಎದ್ದು ಕಾಣುತ್ತದೆ.

ವೈ.ಎಂ.ಸಿ.ಎ. ಶಾಖೆಗಳ ಬಳ್ಳಿಯೊಡನೆ ಆಟವೂ ಹಬ್ಬಿತು. ಭಾರತಕ್ಕೂ ಅದು ಬಂದದ್ದು ಆ ಸಂಸ್ಥೆಯ ಮೂಲಕವೇ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ವಿದ್ಯಾಲಯ ಈ ಸಂಬಂಧದ ಮುಖ್ಯ ಕೊಂಡಿ. ಮುಂದೆ ಅನೇಕ ದಶಕಗಳ ಕಾಲ ದಕ್ಷಿಣದ ಶಾಲೆ ಕಾಲೇಜುಗಳ ವ್ಯಾಯಾಮ ಶಿಕ್ಷಕರು ತಯಾರಾದದ್ದು ಅಲ್ಲಿ. 1934ರಲ್ಲಿ ದೆಹಲಿಯಲ್ಲಿ ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಅಂದರೆ, ಅಮೆರಿಕದ ಕಾಲೇಜುಗಳ ಶಿಕ್ಷಕರು ಸೇರಿ ತಮ್ಮದೇ ಆದ ಪಂದ್ಯಾವಳಿಯನ್ನು ಏರ್ಪಡಿಸುವುದಕ್ಕೆ ಐದು ವರ್ಷ ಮೊದಲೇ ಭಾರತದಲ್ಲಿ ರಾಷ್ಟ್ರೀಯ ಪಟ್ಟದ ಕಲ್ಪನೆ ರೂಪುಗೊಂಡಿತ್ತು. ಇದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಆದರೆ ಹೊರಗಿನಿಂದ ಬಂದ ಆಟಕ್ಕೆ ಕೇಂದ್ರವೊಂದನ್ನು ಕಟ್ಟುವುದು ಸುಲಭ. ತೌರಿನಲ್ಲಿಯೇ ಬೆಳೆದು ನೂರು ಕಡೆ ಬೇರುಬಿಟ್ಟ ಆಟಕ್ಕೆ ಒಂದು ಕೇಂದ್ರವನ್ನು ಒಪ್ಪಿಸುವುದು ಕಷ್ಟ.

ಅಮೆರಿಕದಲ್ಲಿ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. 1904ರಲ್ಲಿ ಸೇಂಟ್ ಲೂಯಿಯ ಒಲಿಂಪಿಕ್ ಕೂಟದ ಅಂಗವಾಗಿ ಕೆಲವು ಕಾಲೇಜು ತಂಡಗಳು ಆಡಿ, ಹೈರಮ್ ಕಾಲೇಜು ಗೆದ್ದಿತು. 1908ರಲ್ಲಿ ಪಶ್ಚಿಮದ ತಂಡಗಳಲ್ಲಿ ಮೇಲುಗೈಯಾಗಿದ್ದ ಷಿಕಾಗೋ ವಿಶ್ವವಿದ್ಯಾನಿಲಯ ಪೂರ್ವದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವನ್ನು ಎದುರಿಸಿ ಸೋಲಿಸಿತು. 1922ರಲ್ಲಿ ಇಂಡಿಯಾನಾಪೊಲಿಸ್ ನಗರದ ಪಂದ್ಯಾವಳಿಯನ್ನು ವಾಬಾಷ್ ಕಾಲೇಜು ಗೆದ್ದುಕೊಂಡಿತು. ಆದರೆ ಇವುಗಳಲ್ಲಿ ಯಾವುದೂ ಬೇರೂರಲಿಲ್ಲ. ಮೂರು ಸಾವಿರ ಮೈಲಿ ಅಗಲದ ದೇಶ. ರೈಲಿನಲ್ಲಿ ಹಲವು ದಿನಗಳ ಪ್ರಯಾಣ. ಅಲ್ಲದೆ 1915ರಲ್ಲಿ ಜಂಟಿ ನಿಯಮ ಸಮಿತಿ ಏರ್ಪಡುವವರೆಗೂ ಕಾಲೇಜುಗಳು ಒಂದು ನಿಯಮಾವಳಿಯನ್ನೂ ಹೊರಗಿನ ಹವ್ಯಾಸಿ ಸಂಘಗಳು ಇನ್ನೊಂದನ್ನೂ ಅನುಸರಿಸುತ್ತಿದ್ದವು. ನಿಯಮವೇ ಒಂದಾಗಿರದ ಕಡೆ ಪಟ್ಟ ಒಂದಾಗುವುದೆಂತು?

2

ಈ ಬರಿದಾದ ಸ್ಥಳವನ್ನು ಮೊದಲು ತುಂಬಿದ್ದು ವ್ಯಾಪಾರ. ನ್ಯೂಯಾರ್ಕಿನಲ್ಲಿ ಕ್ರೀಡಾ ವರದಿಗಾರರಾಗಿದ್ದ ನೆಡ್ ಐರಿಷ್ ಎಂಬವರು ಕಾಲೇಜುಗಳ ಇಕ್ಕಟ್ಟಾದ ವ್ಯಾಯಾಮಶಾಲೆಗಳಲ್ಲಿ ಜನ ನೂಕುನುಗ್ಗಲಾಗಿ ನಿಲ್ಲುತ್ತಿದ್ದುದನ್ನು ಗಮನಿಸಿ, 1934ರ ಡಿಸೆಂಬರ್ 29ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಭಾರಿ ಸಭಾಂಗಣದಲ್ಲಿ ಒಂದೇ ರಾತ್ರಿ ಎರಡು ಕಾಲೇಜು ಪಂದ್ಯಗಳನ್ನು ಏರ್ಪಡಿಸಿದರು. ಹದಿನಾರು ಸಾವಿರಕ್ಕೂ ಮಿಕ್ಕಿ ಜನ ಸೇರಿದರು. ಬಡತನದ ಆ ಕಾಲದಲ್ಲಿ ಅದು ಅಚ್ಚರಿಯ ಸಂಖ್ಯೆ. ಅಂದಿನಿಂದ ದೂರದ ತಂಡಗಳಿಗೆಲ್ಲ ಗಾರ್ಡನ್ ಒಂದು ಯಾತ್ರಾಸ್ಥಳವಾಯಿತು. 1938ರಲ್ಲಿ ನ್ಯೂಯಾರ್ಕಿನ ಬ್ಯಾಸ್ಕೆಟ್‌ಬಾಲ್ ಬರಹಗಾರರ ಸಂಘ ಆರು ತಂಡಗಳನ್ನು ಆಹ್ವಾನಿಸಿ ಅಲ್ಲಿಯೇ ಒಂದು ಪಂದ್ಯಾವಳಿಯನ್ನು ನಡೆಸಿತು. ಅಂತಿಮ ಪಂದ್ಯದಲ್ಲಿ ಟೆಂಪಲ್ ವಿಶ್ವವಿದ್ಯಾನಿಲಯ ಕೊಲರಾಡೋ ತಂಡವನ್ನು 60–36ರಿಂದ ಸೋಲಿಸಿತು. ಸೋತ ತಂಡದಲ್ಲಿ ಆಡಿದವರಲ್ಲಿ ಒಬ್ಬರಾದ ಬೈರನ್ ವೈಟ್ ಮುಂದೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು.

ಈ ಬೆಳವಣಿಗೆ ಆಟ ಕಲಿಸುವ ಶಿಕ್ಷಕರಲ್ಲಿ ಕಳವಳವನ್ನುಂಟುಮಾಡಿತು. ಅವರದೂ ಒಂದು ಸಂಘವಿತ್ತು. 1927ರಲ್ಲಿ ನಿಯಮ ಸಮಿತಿಯವರು ಚೆಂಡನ್ನು ಪುಟಿಸುತ್ತ ಸಾಗುವುದನ್ನು ಒಂದೇ ಪುಟಿತಕ್ಕೆ ಮಿತಿಗೊಳಿಸಲು ಹೊರಟಾಗ ಅದನ್ನು ಪ್ರತಿಭಟಿಸಿ ಹುಟ್ಟಿದ ರಾಷ್ಟ್ರೀಯ ತರಬೇತುದಾರರ ಸಂಘವದು. ನೈಸ್ಮಿತರ ಶಿಷ್ಯರೂ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ತರಬೇತುದಾರರೂ ಆಗಿದ್ದ ಫಾರೆಸ್ಟ್ ಅಲೆನ್ ಅದರ ಕಟ್ಟಾಳು. ಪಟ್ಟ ಕಟ್ಟುವ ಅಧಿಕಾರ ಒಂದು ನಗರದ ಪತ್ರಿಕೆಗಳ ಕೈಯಲ್ಲೂ ಟಿಕೆಟು ಮಾರುವ ಸಭಾಂಗಣದ ಕೈಯಲ್ಲೂ ಉಳಿಯಬಾರದು, ಅದು ಕಾಲೇಜುಗಳ ಆವರಣದಲ್ಲಿಯೇ ಇರಬೇಕು ಎಂಬುದು ಈ ಶಿಕ್ಷಕರ ನಿಲವು. ಒಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ಹೆರಾಲ್ಡ್ ಓಲ್ಸನ್ ಮುಂದಾಳಾಗಿ ನಿಂತು, ಕಾಲೇಜುಗಳ ಮಾತೃಸಂಸ್ಥೆಯಾದ ಎನ್.ಸಿ.ಎ.ಎ.ಯ ಒಪ್ಪಿಗೆಯನ್ನು ಪಡೆದರು. ದೇಶವನ್ನು ಎಂಟು ವಲಯಗಳಾಗಿ ವಿಂಗಡಿಸಿ, ಒಂದೊಂದು ವಲಯಕ್ಕೆ ಒಂದೊಂದು ತಂಡವನ್ನು ಆರಿಸಬೇಕೆಂದು ತೀರ್ಮಾನವಾಯಿತು. ಹಣದ ಹೊಣೆಯನ್ನು ತರಬೇತುದಾರರ ಸಂಘವೇ ಹೊತ್ತಿತು.

ಇಲ್ಲಿ ಹಿರಿಮೆಗೂ ಹಣಕ್ಕೂ ನಡುವಣ ಜಗಳ ಮಾತ್ರವೇ ಇತ್ತೆಂದು ಹೇಳಿದರೆ ಅರ್ಧ ಸತ್ಯವಾದೀತು. ನ್ಯೂಯಾರ್ಕಿನವರು ಕರೆದಾಗ ಓಡುವ ದೂರದ ಪ್ರಾಂತಗಳ ತಂಡಗಳು ತಾವು ಅತಿಥಿಗಳೋ ಸಮಾನರೋ ಎಂಬ ಸಂದೇಹ ಸಹಜವಾಗಿಯೇ ಇತ್ತು. ವಲಯಕ್ಕೊಂದು ಸ್ಥಾನವೆಂಬ ಏರ್ಪಾಡು ಈ ಸಂದೇಹಕ್ಕೆ ಕೊಟ್ಟ ಉತ್ತರ. ಪೆಸಿಫಿಕ್ ತೀರದ ಒಂದು ಪಟ್ಟಣದ ತಂಡಕ್ಕೂ ಈಗ ಆಹ್ವಾನದ ಹಂಗಿರಲಿಲ್ಲ, ಹಕ್ಕಿನ ಸ್ಥಾನವಿತ್ತು.

3

ವ್ಯವಸ್ಥೆ ಹೀಗೆ ಬದಲಾಗುತ್ತಿದ್ದ ಕಾಲದಲ್ಲಿಯೇ ಆಟದ ಮೈಯೂ ಬದಲಾಗುತ್ತಿತ್ತು. ಅಲ್ಲಿಯವರೆಗೆ ಪ್ರತಿಯೊಂದು ಬಾರಿ ಚೆಂಡು ಬುಟ್ಟಿಗೆ ಬಿದ್ದ ಮೇಲೂ ಎರಡು ತಂಡಗಳ ಆಟಗಾರರು ಅಂಗಳದ ಮಧ್ಯಕ್ಕೆ ಮರಳಬೇಕಾಗಿತ್ತು. ಅಲ್ಲಿ ರೆಫರಿ ಚೆಂಡನ್ನು ಮೇಲಕ್ಕೆಸೆಯುವನು. ಇಬ್ಬರು ಎತ್ತರದ ಆಳುಗಳು ನೆಗೆದು ಅದನ್ನು ತಮ್ಮವರತ್ತ ತಟ್ಟುವರು. ಇದರಿಂದ ಎರಡು ಕೇಡುಗಳಾಗುತ್ತಿದ್ದವು. ಆಟ ಮತ್ತೆ ಮತ್ತೆ ನಿಂತು ಬೇಸರ ತರುತ್ತಿತ್ತು. ಒಬ್ಬ ನೀಳಕಾಯನಿದ್ದ ತಂಡಕ್ಕೆ ಅಂಕ ಗಳಿಸಿದ ಮೇಲೂ ಚೆಂಡು ಮತ್ತೆ ತನಗೇ ದಕ್ಕುತ್ತಿತ್ತು. ಇದನ್ನು ತೆಗೆದುಹಾಕಬೇಕೆಂದು ಪಶ್ಚಿಮ ತೀರದ ತರಬೇತುದಾರರು, ಮುಖ್ಯವಾಗಿ ಸ್ಯಾಮ್ ಬ್ಯಾರಿ ಮತ್ತು ಜಾನ್ ಬನ್, ಬಹುಕಾಲ ವಾದಿಸಿದರು. 1937–38ರ ಋತುವಿನಿಂದ ನಿಯಮ ಬದಲಾಯಿತು. ಅಂಕ ಕಳೆದುಕೊಂಡ ತಂಡ ತನ್ನ ಬುಟ್ಟಿಯ ಹಿಂದಿನ ಗೆರೆಯಿಂದ ಚೆಂಡನ್ನು ಒಳಕ್ಕೆಸೆದು ಒಡನೆಯೇ ಆಟ ಮುಂದುವರಿಸಬಹುದಾಯಿತು.

ಈ ಒಂದು ಬದಲಾವಣೆಯಿಂದ ಆಟದ ಉಸಿರೇ ಬೇರೆಯಾಯಿತು. ಓಟಕ್ಕೆ ಬೆಲೆ ಬಂದಿತು, ಅಂಕಗಳು ಏರಿದವು, ದಣಿಯದ ಶರೀರ ಚಳಕದಷ್ಟೇ ಅಗತ್ಯವಾಯಿತು. ಇದೇ ವೇಳೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹ್ಯಾಂಕ್ ಲೂಸೆಟ್ಟಿ ಎಂಬ ಆಟಗಾರ ಒಂದೇ ಕೈಯಿಂದ ಚೆಂಡನ್ನು ಬುಟ್ಟಿಗೆಸೆಯುವ ರೀತಿಯನ್ನು ಪ್ರಚಾರಕ್ಕೆ ತಂದಿದ್ದ. ಎರಡು ಕೈಗಳಿಂದ, ನಿಂತ ನಿಲವಿನಲ್ಲಿ ಎಸೆಯುವುದೇ ಶಾಸ್ತ್ರೀಯವೆಂದು ನಂಬಿದ್ದ ಪೂರ್ವದವರಿಗೆ ಇದು ಉದ್ಧಟತನವೆನಿಸಿತು. ಆದರೆ 1936ರ ಡಿಸೆಂಬರ್ 30ರಂದು ಗಾರ್ಡನ್‌ನಲ್ಲಿ ಸ್ಟ್ಯಾನ್‌ಫರ್ಡ್ ತಂಡ ಲಾಂಗ್ ಐಲೆಂಡ್ ವಿಶ್ವವಿದ್ಯಾನಿಲಯವನ್ನು 45–31ರಿಂದ ಸೋಲಿಸಿ, ಅದರ 43 ಗೆಲವುಗಳ ಸರಪಳಿಯನ್ನು ಕಡಿದು ಹಾಕಿದ ಮೇಲೆ ಆ ಟೀಕೆ ಕ್ರಮೇಣ ಅಡಗಿತು. ಪಶ್ಚಿಮದ ಆಟಕ್ಕೆ ದೇಶದ ಕಣ್ಣು ತಿರುಗಿದ್ದು ಅಂದು.

ಒರೆಗಾನ್ ತಂಡ ಈ ಸ್ಟ್ಯಾನ್‌ಫರ್ಡಿನ ನೆರಳಿನಲ್ಲಿಯೇ ಬೆಳೆಯಿತು. 1938ರಲ್ಲಿ ಪೆಸಿಫಿಕ್ ತೀರದ ಕಾಲೇಜುಗಳ ಉತ್ತರ ವಿಭಾಗವನ್ನು ಗೆದ್ದರೂ ಕೊನೆಯ ಘಟ್ಟದಲ್ಲಿ ಅದು ಲೂಸೆಟ್ಟಿಯ ತಂಡಕ್ಕೆ ಸೋತಿತ್ತು. ಆ ವರ್ಷ ಲೂಸೆಟ್ಟಿಯ ಕಾಲೇಜು ಜೀವನ ಮುಗಿಯಿತು; ಒರೆಗಾನಿನ ಮುಖ್ಯ ಆಟಗಾರರು ಉಳಿದರು.

4

ತಂಡವನ್ನು ಕಟ್ಟಿದವರು ಹೊವರ್ಡ್ ಹಾಬ್ಸನ್. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಆಡಿ, 1935ರಲ್ಲಿ ತರಬೇತುದಾರರಾಗಿ ಮರಳಿದವರು. ಅವರ ತಂಡ ದೇಶದ ನಾನಾ ಭಾಗಗಳಿಂದ ಹೆಕ್ಕಿ ತಂದದ್ದಾಗಿರಲಿಲ್ಲ. ಮೊದಲ ಐವರೂ ಕೊಲಂಬಿಯ ನದಿಯ ಸೀಮೆಯವರು, ಇಲ್ಲವೇ ಅದಕ್ಕೆ ಹೊಂದಿದ ಬೆಟ್ಟದ ನಾಡಿನವರು. ಲ್ಯಾಡಿ ಗೇಲ್ ಓಕ್‌ರಿಜ್ ಎಂಬ ಮರ ಕಡಿಯುವವರ ಊರಿನವನು. ಜಾನ್ ಡಿಕ್ ಡ್ಯಾಲ್ಸ್ ಪಟ್ಟಣದವನು. ಸ್ಲಿಮ್ ವಿಂಟರ್‌ಮ್ಯೂಟ್ ನದಿಯ ಆಚೆ ದಡದ, ವಾಷಿಂಗ್ಟನ್ ಪ್ರಾಂತದ ಲಾಂಗ್‌ವ್ಯೂನವನು. ನಾಯಕನಾದ ಬಾಬಿ ಆನೆಟ್ ಮತ್ತು ಅವನ ಜೊತೆಗಾರ ವಾಲಿ ಯೊಹಾನ್ಸನ್ ಇಬ್ಬರೂ ನದಿ ಕಡಲನ್ನು ಸೇರುವಲ್ಲಿರುವ ಆಸ್ಟೋರಿಯದವರು. ಬದಲಿ ಆಟಗಾರನಾದ ಟೆಡ್ ಸಾರ್ಪೋಲನೂ ಆ ಊರಿನವನೇ.

ಆಸ್ಟೋರಿಯದ ವಿಷಯ ಕೊಂಚ ನಿಂತು ನೋಡತಕ್ಕದ್ದು. ಅದು ಸಾಲ್ಮನ್ ಮೀನು ಹಿಡಿದು ಡಬ್ಬಿಗಳಲ್ಲಿ ತುಂಬುವ ಊರು. ಫಿನ್ಲೆಂಡಿನಿಂದಲೂ ಸ್ಕ್ಯಾಂಡಿನೇವಿಯದ ಇತರ ನಾಡುಗಳಿಂದಲೂ ವಲಸೆ ಬಂದವರು ಅಲ್ಲಿ ನೆಲಸಿ ತಮ್ಮ ಭಾಷೆಯ ಸಭಾಭವನಗಳನ್ನೂ ಪತ್ರಿಕೆಯನ್ನೂ ನಡೆಸಿಕೊಂಡು ಬಂದರು. ಮನೆಯ ಮಾತು ಒಂದು, ಬೀದಿಯ ಮಾತು ಇನ್ನೊಂದು ಆಗಿದ್ದ ಇಂಥ ಊರುಗಳಲ್ಲಿ ಮಕ್ಕಳೆಲ್ಲ ಒಂದೆಡೆ ಕಲೆಯುತ್ತಿದ್ದುದು ಶಾಲೆಯಲ್ಲಿ. ಶಾಲೆಯಲ್ಲಿಯೂ ಮಾತಿನ ಹಂಗಿಲ್ಲದೆ ಕಲೆಯುತ್ತಿದ್ದುದು ಆಟದ ಅಂಗಳದಲ್ಲಿ. ತಾಯಿನಾಡಿನಿಂದ ದೂರ ಬಂದವರ ಮಕ್ಕಳು ಹೊಸ ನಾಡಿನ ಹೆಸರನ್ನು ಎದೆಯ ಮೇಲೆ ಧರಿಸಿ ಅದರ ಪರವಾಗಿ ಆಡುವ ದೃಶ್ಯ ಎಲ್ಲ ವಲಸೆಯ ಇತಿಹಾಸಗಳಲ್ಲೂ ಒಂದು ಘಟ್ಟವನ್ನು ಸೂಚಿಸುತ್ತದೆ. ತಂದೆಯರು ದುಡಿಮೆಯಿಂದ ಪಡೆದ ಸ್ಥಾನವನ್ನು ಮಕ್ಕಳು ಆಟದಿಂದ ಉಳಿದವರ ಮನಸ್ಸಿನಲ್ಲಿ ಊರಿಸುತ್ತಾರೆ.

ಹಾಬ್ಸನ್ನರ ಯೋಜನೆ ಈ ಎರಡು ಬಗೆಯ ಆಟಗಾರರ ಕೂಟ. ವಿಂಟರ್‌ಮ್ಯೂಟ್ ಆರಡಿ ಎಂಟಂಗುಲದ ಆಳು. ಗೇಲ್, ಡಿಕ್ ಇಬ್ಬರೂ ಆರಡಿ ನಾಲ್ಕಂಗುಲದ ಆಸುಪಾಸಿನವರು. ಅಂದಿನ ದಿನಗಳಲ್ಲಿ ಇಷ್ಟು ಎತ್ತರದ ಮುಂಚೂಣಿ ಅಪರೂಪವಾಗಿತ್ತು. ಆದ್ದರಿಂದಲೇ ಪೋರ್ಟ್‌ಲೆಂಡಿನ ‘ಒರೆಗಾನಿಯನ್’ ಪತ್ರಿಕೆಯ ಕ್ರೀಡಾ ಸಂಪಾದಕ ಎಲ್. ಎಚ್. ಗ್ರೆಗರಿ ಇವರಿಗೆ ‘ಎತ್ತರದ ಫರ್ ಮರಗಳು’ ಎಂಬ ಹೆಸರಿಟ್ಟರು. ಫರ್ ಮರಗಳ ಕಾಡಿಗೆ ಹೆಸರಾದ ನಾಡಿಗೆ ಆ ಹೆಸರು ಒಪ್ಪುವಂತಿತ್ತು. ಆದರೆ ಹೆಸರು ತಂಡದ ಅರ್ಧವನ್ನು ಮಾತ್ರ ಹೇಳುತ್ತದೆ. ಎತ್ತರದವರು ಬುಟ್ಟಿಯಿಂದ ಮರಳಿ ಚಿಮ್ಮಿದ ಚೆಂಡನ್ನು ಹಿಡಿದು ಕೊಟ್ಟರೆ, ಅದನ್ನು ಕಣ್ಣು ಮಿಟುಕಿಸುವುದರೊಳಗೆ ಎದುರಾಳಿಯ ಬುಟ್ಟಿಯವರೆಗೆ ಒಯ್ಯುತ್ತಿದ್ದವರು ಆಸ್ಟೋರಿಯದ ಇಬ್ಬರು. ಆನೆಟ್ ಐದಡಿ ಎಂಟಂಗುಲದವನು. ಹಳೆಯ ನಿಯಮದಲ್ಲಿ ಎತ್ತರವೇ ಸಾಕಾಗುತ್ತಿತ್ತು. ಹೊಸ ನಿಯಮದಲ್ಲಿ ಎತ್ತರಕ್ಕೆ ವೇಗವೂ ಕೂಡಬೇಕಾಗಿತ್ತು. ಇದನ್ನು ಮೊದಲೇ ಕಂಡುಕೊಂಡದ್ದು ಹಾಬ್ಸನ್ನರ ಜಾಣ್ಮೆ.

1938ರ ಡಿಸೆಂಬರಿನಲ್ಲಿ ತಂಡ ರೈಲಿನಲ್ಲಿ ಪೂರ್ವದ ನಗರಗಳಿಗೆ ಹೋಗಿ ಸರಣಿಯಾಗಿ ಆಡಿತು. ಗಾರ್ಡನ್‌ನಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿಗೆ ಅಲ್ಪ ಅಂತರದಿಂದ ಸೋತಿತು. ಆದರೆ ಈ ಪ್ರವಾಸದ ಲಾಭ ಅಂಕಗಳ ಲೆಕ್ಕಕ್ಕೆ ಸಿಕ್ಕತಕ್ಕದ್ದಲ್ಲ. ಊರಿಂದೂರಿಗೆ ರೆಫರಿಗಳ ನಿಯಮವ್ಯಾಖ್ಯಾನವೂ ಅಂಗಳದ ಅಳತೆಯೂ ಬೇರೆಯಾಗುತ್ತಿದ್ದ ಕಾಲದಲ್ಲಿ, ಪರಸ್ಥಳದಲ್ಲಿ ಆಡುವುದು ಒಂದು ಪ್ರತ್ಯೇಕ ವಿದ್ಯೆಯೇ ಆಗಿತ್ತು. ಮರಳಿ ಬಂದ ಮೇಲೆ ತಂಡ ತನ್ನ ವಿಭಾಗವನ್ನು ಗೆದ್ದಿತು. ಯೂಜೀನ್ ಊರಿನಲ್ಲಿ, ವಿದ್ಯಾರ್ಥಿಗಳ ಹಣದಿಂದಲೇ ಕಟ್ಟಿ 1927ರಲ್ಲಿ ತೆರೆದ ಮೆಕಾರ್ಥರ್ ಕೋರ್ಟಿನಲ್ಲಿ, ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವನ್ನು ಸೋಲಿಸಿ ತೀರದ ಪಟ್ಟವನ್ನು ಪಡೆಯಿತು. ಹೊಸ ಪಂದ್ಯಾವಳಿಯಲ್ಲಿ ಆ ವಲಯದ ಸ್ಥಾನ ಅದಕ್ಕೆ ಸಂದಿತು.

5

ಎಂಟು ತಂಡಗಳನ್ನು ನಾಲ್ಕು ನಾಲ್ಕರಂತೆ ಎರಡು ಕಡೆ ಆಡಿಸಲಾಯಿತು. ಪೂರ್ವದ ಪಂದ್ಯಗಳು ಫಿಲಡೆಲ್ಫಿಯದ ಪಲೆಸ್ಟ್ರಾ ಅಂಗಣದಲ್ಲಿ ನಡೆದವು. ಅಲ್ಲಿ ಒಹಾಯೋ ತಂಡ ಮೊದಲು ವೇಕ್ ಫಾರೆಸ್ಟ್ ತಂಡವನ್ನೂ ಬಳಿಕ ವಿಲನೋವಾ ತಂಡವನ್ನೂ ಸೋಲಿಸಿತು. ಪಶ್ಚಿಮದ ಪಂದ್ಯಗಳಿಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಮಣ್ಣು ತುಂಬಿ ನಿರ್ಮಿಸಿದ ಟ್ರೆಷರ್ ಐಲೆಂಡ್ ಎಂಬ ದ್ವೀಪ ರಂಗಸ್ಥಳವಾಯಿತು. ಆ ವರ್ಷ ಅಲ್ಲಿ ದೊಡ್ಡದೊಂದು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆಯುತ್ತಿತ್ತು. ಮಾರ್ಚ್ 20ರಂದು ಒರೆಗಾನ್ ಟೆಕ್ಸಸ್ ತಂಡವನ್ನು 56–41ರಿಂದ, ಮರುದಿನ ಓಕ್ಲಹೋಮ ತಂಡವನ್ನು 55–37ರಿಂದ ಸೋಲಿಸಿತು. ಅಲ್ಲಿಂದ ತಂಡ ಎವಾನ್ಸ್‌ಟನ್ನಿಗೆ ಪ್ರಯಾಣ ಮಾಡಿತು.

ಅಂತಿಮ ಪಂದ್ಯ ನಡೆದದ್ದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಪ್ಯಾಟನ್ ವ್ಯಾಯಾಮಶಾಲೆಯಲ್ಲಿ. ಸೇರಿದ್ದ ಜನ ಸುಮಾರು 5,500. ಗಾರ್ಡನ್‌ನ ಜನಸ್ತೋಮಕ್ಕೆ ಹೋಲಿಸಿದರೆ ಇದು ಮೂರರಲ್ಲಿ ಒಂದು ಪಾಲು. ಒಹಾಯೋ ತಂಡದ ತರಬೇತುದಾರರು ಪಂದ್ಯಾವಳಿಯ ಸೂತ್ರಧಾರರಾದ ಹೆರಾಲ್ಡ್ ಓಲ್ಸನ್ನರೇ. ತಾವು ಕಟ್ಟಿದ ಮಂಟಪದಲ್ಲಿ ತಮ್ಮ ತಂಡವೇ ಸೋಲುವುದನ್ನು ನೋಡುವ ಯೋಗ ಅವರಿಗಿತ್ತು. ಒರೆಗಾನಿನ ಓಟಕ್ಕೆ ಎದುರಾಳಿಗಳು ಮೊದಲಿನಿಂದಲೂ ಸರಿಸಾಟಿಯಾಗಲಿಲ್ಲ. ಮಧ್ಯಂತರದ ಹೊತ್ತಿಗೆ ಐದು ಅಂಕಗಳಷ್ಟಿದ್ದ ಅಂತರ ಕೊನೆಗೆ ಹದಿಮೂರಕ್ಕೆ ಬೆಳೆಯಿತು. ಎರಡು ತಂಡಗಳಲ್ಲೂ ಅತ್ಯಧಿಕ ಅಂಕ ಗಳಿಸಿದವನು ಜಾನ್ ಡಿಕ್. ಆದರೂ ಪಂದ್ಯಾವಳಿಯ ಶ್ರೇಷ್ಠ ಆಟಗಾರನೆಂಬ ಮನ್ನಣೆ ಸೋತ ತಂಡದ ನಾಯಕ ಜಿಮ್ಮಿ ಹಲ್‌ಗೆ ಸಂದಿತು.

ಆ ಸಂಜೆಯ ಒಂದು ಘಟನೆ ಕಥೆಯಂತೆ ಉಳಿದುಬಂದಿದೆ. ಗೆದ್ದವರಿಗೆ ಕೊಡತಕ್ಕ ಪಾರಿತೋಷಕವನ್ನು ಅಂಗಳದ ಅಂಚಿನಲ್ಲಿ ಒಂದು ಮೇಜಿನ ಮೇಲಿಟ್ಟಿದ್ದರು. ಹೊರಗೆ ಉರುಳುತ್ತಿದ್ದ ಚೆಂಡಿನ ಬೆನ್ನು ಹತ್ತಿದ ಆನೆಟ್ ವೇಗವನ್ನು ತಡೆಯಲಾರದೆ ಆ ಮೇಜಿನ ಮೇಲೆ ಬಿದ್ದ. ಪಾರಿತೋಷಕದ ತುದಿಯಲ್ಲಿದ್ದ ಆಟಗಾರನ ಪ್ರತಿಮೆ ಮುರಿದು ಬೇರೆಯಾಯಿತು. ಪಂದ್ಯ ಮುಗಿದ ಮೇಲೆ ಅದೇ ಪಾರಿತೋಷಕವನ್ನು, ಎರಡು ತುಂಡಾಗಿಯೇ, ನಾಯಕನಾಗಿದ್ದ ಅವನ ಕೈಗೆ ಒಪ್ಪಿಸಬೇಕಾಯಿತು. ಇಡೀ ಋತುವಿನಲ್ಲಿ ಒರೆಗಾನಿನ ಲೆಕ್ಕ 29 ಗೆಲವು, 5 ಸೋಲು.

6

ಹಾಗಾದರೆ 1939ರಲ್ಲಿ ದೇಶದ ಶ್ರೇಷ್ಠ ತಂಡ ಒರೆಗಾನ್ ಎಂದು ತೀರ್ಮಾನಿಸಬಹುದೇ? ಇತಿಹಾಸ ಅಷ್ಟು ಸರಳವಾಗಿಲ್ಲ. ಐದು ದಿನ ಮೊದಲು, ಮಾರ್ಚ್ 22ರಂದು, ನ್ಯೂಯಾರ್ಕಿನ ಆಹ್ವಾನಿತ ಪಂದ್ಯಾವಳಿಯ ಅಂತಿಮ ಘಟ್ಟದಲ್ಲಿ ಲಾಂಗ್ ಐಲೆಂಡ್ ವಿಶ್ವವಿದ್ಯಾನಿಲಯದ ತಂಡ ಷಿಕಾಗೋದ ಲಯೋಲಾ ತಂಡವನ್ನು 44–32ರಿಂದ ಸೋಲಿಸಿತ್ತು. ಕ್ಲೇರ್ ಬೀ ಅವರ ಕೈಕೆಳಗೆ ಪಳಗಿದ ಲಾಂಗ್ ಐಲೆಂಡ್ ಆ ಋತುವಿನಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. ಲಯೋಲಾ ಕೂಡ ಆ ರಾತ್ರಿಯವರೆಗೆ ಸೋಲರಿಯದ ತಂಡ. ಮುಂದೆ 1940ರ ದಶಕದಲ್ಲಿ ಹೆಲ್ಮ್ಸ್ ಎಂಬ ಕ್ರೀಡಾ ಪ್ರತಿಷ್ಠಾನ ಹಿಂದಿನ ವರ್ಷಗಳ ತಂಡಗಳನ್ನು ತೂಗಿ ನೋಡಿ ಪಟ್ಟಿ ಮಾಡಿದಾಗ 1939ರ ಎದುರಿಗೆ ಬರೆದದ್ದು ಲಾಂಗ್ ಐಲೆಂಡ್ ಹೆಸರನ್ನು. ಐದು ಬಾರಿ ಸೋತ ಒರೆಗಾನಿಗಿಂತ ಒಮ್ಮೆಯೂ ಸೋಲದ ಲಾಂಗ್ ಐಲೆಂಡ್ ಮಿಗಿಲೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಎರಡು ತಂಡಗಳು ಆ ಋತುವಿನಲ್ಲಿ ಎದುರುಬದುರಾಗಲಿಲ್ಲವಾದ್ದರಿಂದ ಅದನ್ನು ಸ್ಥಾಪಿಸುವಂತೆಯೂ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಎವಾನ್ಸ್‌ಟನ್ನಿನ ಪಂದ್ಯ ಮುಗಿದ ಮರುದಿನವೇ, ಮಾರ್ಚ್ 28ರಂದು, ನೆರೆಯ ಷಿಕಾಗೋದಲ್ಲಿ ವೃತ್ತಿಪರ ತಂಡಗಳ ಮೊದಲ ವಿಶ್ವ ಪಂದ್ಯಾವಳಿ ಮುಗಿಯಿತು. ಅದನ್ನು ಗೆದ್ದದ್ದು ನ್ಯೂಯಾರ್ಕ್ ರೆನೇಸಾನ್ಸ್ ತಂಡ. ಅಂತಿಮ ಪಂದ್ಯದಲ್ಲಿ ಆಷ್ಕಾಷ್ ತಂಡದ ಮೇಲೆ 34–25. ‘ರೆನ್ಸ್’ ಎಂದು ಹೆಸರಾದ ಆ ತಂಡ ಹಾರ್ಲೆಮ್ ಬಡಾವಣೆಯಲ್ಲಿ ಬಾಬ್ ಡಗ್ಲಸ್ 1923ರಲ್ಲಿ ಕಟ್ಟಿದ್ದು. ಅದರ ಆಟಗಾರರೆಲ್ಲ ಕರಿಯ ಜನಾಂಗದವರು. ಊರೂರು ತಿರುಗಿ ಆಡುವಾಗ ಎಷ್ಟೋ ಕಡೆ ಊಟಕ್ಕೂ ವಸತಿಗೂ ಬಾಗಿಲು ಮುಚ್ಚಿಸಿಕೊಂಡವರು ಅವರು. ಆದರೆ ಕಾಲೇಜು ಪಂದ್ಯಾವಳಿಯ ಎಂಟು ತಂಡಗಳಲ್ಲಿ ಕರಿಯರ ಕಾಲೇಜು ಒಂದೂ ಇರಲಿಲ್ಲ. ವಲಯಕ್ಕೊಂದು ಸ್ಥಾನ ಕೊಟ್ಟು ನ್ಯಾಯ ಹಂಚಿದ ವ್ಯವಸ್ಥೆ ದೇಶದ ಮೂಲೆಗಳನ್ನೆಲ್ಲ ಒಳಗೊಂಡಿತು, ದೇಶದ ಜನರನ್ನೆಲ್ಲ ಒಳಗೊಳ್ಳಲಿಲ್ಲ. ಮೊದಲ ಐವರೂ ಕರಿಯರಾಗಿದ್ದ ಟೆಕ್ಸಸ್ ವೆಸ್ಟರ್ನ್ ತಂಡ ಇದೇ ಪಟ್ಟವನ್ನು ಗೆದ್ದದ್ದು 1966ರಲ್ಲಿ, ಇಪ್ಪತ್ತೇಳು ವರ್ಷಗಳ ತರುವಾಯ. ‘ರಾಷ್ಟ್ರೀಯ’ ಎಂಬ ವಿಶೇಷಣವನ್ನು ಇತಿಹಾಸದಲ್ಲಿ ಓದುವಾಗ ಅದರ ಅಗಲವನ್ನು ಅಳೆದೇ ಓದಬೇಕೆಂಬುದಕ್ಕೆ ಅಕ್ಕಪಕ್ಕದ ಆ ಎರಡು ಸಂಜೆಗಳು ಸಾಕ್ಷಿ.

ಹಣದ ಲೆಕ್ಕವೂ ಶಿಕ್ಷಕರಿಗೆ ಒಲಿಯಲಿಲ್ಲ. ಪಂದ್ಯಾವಳಿಯಿಂದ ತರಬೇತುದಾರರ ಸಂಘಕ್ಕೆ 2,531 ಡಾಲರು ನಷ್ಟವಾಯಿತು. ಅದನ್ನು ಮತ್ತೆ ನಡೆಸುವ ಶಕ್ತಿ ಸಂಘಕ್ಕಿರಲಿಲ್ಲ. ಎನ್.ಸಿ.ಎ.ಎ. ಆ ಹೊಣೆಯನ್ನು ವಹಿಸಿಕೊಂಡಿತು. 1940ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ನಡೆದ ಎರಡನೆಯ ವರ್ಷದ ಅಂತಿಮ ಪಂದ್ಯದಲ್ಲಿ ಇಂಡಿಯಾನ ತಂಡ ಫಾರೆಸ್ಟ್ ಅಲೆನ್ನರ ಕ್ಯಾನ್ಸಸ್ ತಂಡವನ್ನು ಸೋಲಿಸಿತು. ಪಂದ್ಯಾವಳಿ ಅಂದೇ ಲಾಭದ ದಾರಿ ಹಿಡಿಯಿತು. ಹೀಗೆ ವ್ಯಾಪಾರಕ್ಕೆ ಎದುರಾಗಿ ಶಿಕ್ಷಕರು ನೆಟ್ಟ ಸಸಿ ಒಂದೇ ವರ್ಷದಲ್ಲಿ ಅವರ ಕೈಬಿಟ್ಟು ಸಂಸ್ಥೆಯ ಸ್ವತ್ತಾಯಿತು. 1943ರಿಂದ 1948ರವರೆಗೆ ಅಂತಿಮ ಪಂದ್ಯವೇ ಗಾರ್ಡನ್‌ಗೆ ಹೋಯಿತು. 1951ರಲ್ಲಿ ಜೂಜುಗಾರರಿಂದ ಹಣ ಪಡೆದು ಅಂಕಗಳ ಅಂತರವನ್ನು ಏರುಪೇರು ಮಾಡಿದ ಆಟಗಾರರ ಹಗರಣ ಬಯಲಾದಾಗ, ಅದರಲ್ಲಿ ಲಾಂಗ್ ಐಲೆಂಡ್ ತಂಡವೂ, ಹಿಂದಿನ ವರ್ಷ ಎರಡೂ ಪಂದ್ಯಾವಳಿಗಳನ್ನು ಗೆದ್ದಿದ್ದ ಸಿಟಿ ಕಾಲೇಜೂ ಸಿಕ್ಕಿಕೊಂಡವು. ಸಭಾಂಗಣದ ಬೆಳಕಿನ ಬಗ್ಗೆ ಶಿಕ್ಷಕರು ಪಟ್ಟಿದ್ದ ಭಯ ನಿರಾಧಾರವಾಗಿರಲಿಲ್ಲ. ತಮ್ಮ ಪಂದ್ಯಾವಳಿಯನ್ನು ಅದರಿಂದ ದೂರವಿಡುವುದು ಮಾತ್ರ ಅವರಿಂದಾಗಲಿಲ್ಲ. ಕೊನೆಗೆ 2005ರಲ್ಲಿ ನ್ಯೂಯಾರ್ಕಿನ ಆ ಹಳೆಯ ಪಂದ್ಯಾವಳಿಯನ್ನೇ ಎನ್.ಸಿ.ಎ.ಎ. ಕೊಂಡುಕೊಂಡಿತು.

7

ಎವಾನ್ಸ್‌ಟನ್ನಿನಲ್ಲಿ ಆಡಿದವರ ಮುಂದಿನ ಬಾಳು ಬೇರೆ ಬೇರೆ ದಾರಿ ಹಿಡಿಯಿತು. ಜಾನ್ ಡಿಕ್ ನೌಕಾದಳವನ್ನು ಸೇರಿ ರಿಯರ್ ಅಡ್ಮಿರಲ್ ಪದವಿಗೇರಿದ; 2011ರಲ್ಲಿ ತೀರಿಕೊಂಡ. ಲ್ಯಾಡಿ ಗೇಲ್‌ನ ಹೆಸರು 1977ರಲ್ಲಿ ನೈಸ್ಮಿತರ ಸ್ಮಾರಕವಾಗಿರುವ ಸ್ಪ್ರಿಂಗ್‌ಫೀಲ್ಡ್‌ನ ಕೀರ್ತಿಮಂದಿರವನ್ನು ಸೇರಿತು. ಹಾಬ್ಸನ್ನರಿಗೆ ಆ ಗೌರವ 1965ರಲ್ಲಿಯೇ ದೊರೆತಿತ್ತು.

ಹಾಬ್ಸನ್ನರ ಉತ್ತರಜೀವನ ವಿಶೇಷವಾಗಿ ಗಮನಿಸತಕ್ಕದ್ದು. ಹದಿಮೂರು ವರ್ಷಗಳ ಕಾಲ ಪಂದ್ಯಗಳಲ್ಲಿ ಯಾವ ಸ್ಥಳದಿಂದ ಎಸೆದ ಚೆಂಡು ಎಷ್ಟು ಬಾರಿ ಬುಟ್ಟಿಗೆ ಬೀಳುತ್ತದೆಂದು ಗುರುತು ಹಾಕಿಸಿ, ಆ ಲೆಕ್ಕದ ಆಧಾರದಿಂದ 1949ರಲ್ಲಿ ‘ಸೈಂಟಿಫಿಕ್ ಬ್ಯಾಸ್ಕೆಟ್‌ಬಾಲ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ದೂರದಿಂದ ಎಸೆಯುವ ಕೌಶಲಕ್ಕೆ ಎರಡರ ಬದಲು ಮೂರು ಅಂಕಗಳನ್ನು ಕೊಡಬೇಕೆಂಬುದು ಅವರ ಸಲಹೆಗಳಲ್ಲಿ ಒಂದು. 1945ರ ಫೆಬ್ರವರಿಯಲ್ಲಿ ಕೊಲಂಬಿಯ ಮತ್ತು ಫೋರ್ಡಮ್ ವಿಶ್ವವಿದ್ಯಾನಿಲಯಗಳ ನಡುವೆ ನಡೆದ ಒಂದು ಪಂದ್ಯದಲ್ಲಿ ಇದನ್ನು ಪರೀಕ್ಷಿಸಿಯೂ ನೋಡಲಾಯಿತು. ಆಗ ನಗೆಪಾಟಲಾದ ಆ ಆಲೋಚನೆ ಎಲ್ಲ ಕಾಲೇಜುಗಳ ನಿಯಮವಾದದ್ದು 1986ರಲ್ಲಿ. ನೀಳಕಾಯರನ್ನು ಮುಂದಿಟ್ಟುಕೊಂಡು ದೇಶವನ್ನು ಗೆದ್ದ ಶಿಕ್ಷಕನೇ, ಎತ್ತರವೊಂದೇ ಆಟವನ್ನು ಆಳಬಾರದೆಂದು ಉಪಾಯ ಹುಡುಕಿದ್ದು ಅವರ ದೊಡ್ಡತನ. ತನ್ನ ಗೆಲವಿನ ಸಾಧನವನ್ನೇ ಪ್ರಶ್ನಿಸುವ ಈ ಬುದ್ಧಿ ಶಿಕ್ಷಕನಿಗೆ ಸಲ್ಲುವಂಥದು.

ಆಟದ ಜನಕರಾದ ನೈಸ್ಮಿತರು ಅದೇ 1939ರ ನವೆಂಬರ್ 28ರಂದು ತೀರಿಕೊಂಡರು. ಹಣ್ಣಿನ ಬುಟ್ಟಿಯಿಂದ ರಾಷ್ಟ್ರೀಯ ಪಟ್ಟದವರೆಗಿನ ನಲವತ್ತೆಂಟು ವರ್ಷಗಳ ದಾರಿಯನ್ನು ಒಂದೇ ಆಯುಷ್ಯ ತುಂಬಿಕೊಂಡಿತ್ತು. ಎಂಟು ತಂಡಗಳಿಂದ ಆರಂಭವಾದ ಪಂದ್ಯಾವಳಿ 2011ರಿಂದ ಅರುವತ್ತೆಂಟು ತಂಡಗಳದಾಯಿತು. ಒರೆಗಾನ್ ಮತ್ತೆ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ನಿಂತದ್ದು 2017ರಲ್ಲಿ, ಎಪ್ಪತ್ತೆಂಟು ವರ್ಷಗಳ ಮೇಲೆ.

1939ರ ಪಟ್ಟದ ಬೆಲೆ ಒರೆಗಾನ್ ಎಲ್ಲರಿಗಿಂತ ಮಿಗಿಲಾಗಿತ್ತೆಂಬುದರಲ್ಲಿಲ್ಲ. ಅದನ್ನು ಯಾರೂ ಸಾಧಿಸಿ ತೋರಿಸಲಾರರು. ಮೀನುಗಾರರ ಊರಿನ, ಮರ ಕಡಿಯುವವರ ಊರಿನ ಹುಡುಗರು ಯಾರ ಕರೆಗೂ ಕಾಯದೆ, ತಮ್ಮ ವಲಯದ ಹಕ್ಕಿನಿಂದ ಬಂದು, ಕಾಲೇಜಿನ ಅಂಗಳದಲ್ಲಿ, ಶಿಕ್ಷಕರು ಒಪ್ಪಿದ ಕ್ರಮದಲ್ಲಿ ಆಡಿ ಗೆದ್ದರು ಎಂಬುದರಲ್ಲಿ ಅದರ ಬೆಲೆಯಿದೆ. ಆ ಕ್ರಮ ಅಪೂರ್ಣವಾಗಿತ್ತು. ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದನ್ನು ಕಟ್ಟಿದವರ ಕೈಯಲ್ಲಿ ಅದು ಉಳಿಯಲೂ ಇಲ್ಲ. ಆದರೂ ಪಟ್ಟವನ್ನು ಅಭಿಪ್ರಾಯದಿಂದ ಹಂಚುವ ಬದಲು ಎದುರುಬದುರಾಗಿ ನಿಂತು ಪಡೆಯಬೇಕೆಂಬ ಮೇಲ್ಪಂಕ್ತಿಯನ್ನು ಅದು ಹಾಕಿಕೊಟ್ಟಿತು. ಮುಂದೆ ಹೊರಗುಳಿದವರು ಬಂದು ಬಾಗಿಲು ತಟ್ಟಿದಾಗ ಅವರಿಗೆ ಆಧಾರವಾದದ್ದೂ ಆ ಮೇಲ್ಪಂಕ್ತಿಯೇ.